ಓದುಗರ ಪ್ರಶ್ನೆ: ಮಿಚೆಲ್ ದೊಡ್ಡವರಾ, ಟ್ಯಾಂಕ್ ದೊಡ್ಡವರಾ?

ಹೋದ ತಿಂಗಳು ಯುದ್ಧವಿಮಾನಗಳ ಬಗ್ಗೆ ಪ್ರಶ್ನೆ ಕಳಿಸಿ ಅಂತ ಕೇಳಿದ್ದೇ ತಪ್ಪಾಯಿತೇನೋ. ಕಾಗದ, ಇಮೇಲ್, ವಾಟ್ಸಾಪ್ ಎಲ್ಲ ಸೇರಿ ಒಂದು ರಾಶಿ ಬಿತ್ತು. ಅರ್ಧಕ್ಕರ್ಧ ಜನ ಕೇಳಿದ್ದು ಒಂದೇ. ಯಾವ ವಿಮಾನ ನಂಬರ್ ಒನ್, ಅದನ್ನು ಮಾಡಿದವರಲ್ಲಿ ಯಾರು ನಂಬರ್ ಒನ್? ಗಾವಸ್ಕರ್ ದೊಡ್ಡವರಾ ತೆಂಡೂಲ್ಕರ್ ದೊಡ್ಡವರಾ ಅಂತ ಕಟ್ಟೆ ಮೇಲೆ ಕೂತು ಜಗಳ ಆಡುತ್ತೇವಲ್ಲ, ಅದೇ ಥರ. ಜಗಳಕ್ಕೆ ನಾನೂ ಸಿದ್ಧ. ಆದರೆ ವೇಗ ಎಷ್ಟು, ಎತ್ತರ ಎಷ್ಟು ಅಂತ ಬರೀ ಪಟ್ಟಿ ಹಿಡಿದುಕೊಂಡು ಬರಬೇಡಿ. ಆ ವಿಮಾನಕ್ಕೆ ಏನು ಕೆಲಸ ಹೇಳಿದ್ದರು, ಅದನ್ನು ಮಾಡಿದವರ ಕೈಗೆ ಯಾವ ಎಂಜಿನ್ ಕೊಟ್ಟಿದ್ದರು, ಅದನ್ನು ಮೊದಲು ಕೇಳಿ. ಆಮೇಲೆ ಮಾತಾಡೋಣ.

ಬ್ರಿಟನ್ನಿನ ಸ್ಪಿಟ್‌ಫೈರ್ ಮಾಡಿದ ಮಿಚೆಲ್ ದೊಡ್ಡವರಾ, ಜರ್ಮನಿಯ ಫೋಕ್-ವುಲ್ಫ್ 190 ಮಾಡಿದ ಕುರ್ಟ್ ಟ್ಯಾಂಕ್ ದೊಡ್ಡವರಾ? ಸುತ್ತಿ ಬಳಸಿ ಹೇಳಬೇಡಿ.
– ಪದವಿ ವಿದ್ಯಾರ್ಥಿ, ತುಮಕೂರು

ಸ್ವಲ್ಪ ಸುತ್ತಲೇಬೇಕು ಮಾರಾಯ, ಕ್ಷಮಿಸು.

ಮಿಚೆಲ್ ತಮ್ಮ ವಿಮಾನ ಯುದ್ಧಕ್ಕೆ ಹೋಗಿದ್ದನ್ನು ನೋಡಲೇ ಇಲ್ಲ. ಮೊದಲ ಸ್ಪಿಟ್‌ಫೈರ್ ಹಾರಿದ್ದು 1936ರ ಮಾರ್ಚ್ 5ರಂದು. ಮಿಚೆಲ್ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದು 1937ರ ಜೂನ್‌ನಲ್ಲಿ. ವಯಸ್ಸು 42. ಆಗ ಜಗತ್ತಿನಲ್ಲಿ ಇದ್ದದ್ದು ಒಂದೇ ಒಂದು ಸ್ಪಿಟ್‌ಫೈರ್. ಆಮೇಲೆ ಅದನ್ನು ಕೈಗೆತ್ತಿಕೊಂಡವರು ಅವರ ಜೊತೆಯಲ್ಲಿದ್ದ ಜೋಸೆಫ್ ಸ್ಮಿತ್. ಎರಡನೇ ಮಹಾಯುದ್ಧ ನಡೆದಷ್ಟು ದಿನ ಅದನ್ನು ತಿದ್ದುತ್ತಲೇ ಇದ್ದರು. ಒಟ್ಟು 20,000ಕ್ಕೂ ಜಾಸ್ತಿ ಸ್ಪಿಟ್‌ಫೈರ್ ತಯಾರಾದವು. ಶುರುವಿನಲ್ಲಿ ಸುಮಾರು 1,000 ಅಶ್ವಶಕ್ತಿಯ ಮರ್ಲಿನ್ ಎಂಜಿನ್ ಇದ್ದ ಮೈಗೆ ಕೊನೆಕೊನೆಗೆ 2,000 ದಾಟಿದ ಗ್ರಿಫನ್ ಎಂಜಿನ್ ಕೂರಿಸಿದರು. ಅಷ್ಟು ದೂರ ಬೆಳೆಯುವ ಮೈ ಕೊಟ್ಟಿದ್ದು ಮಿಚೆಲ್, ಬೆಳೆಸಿದ್ದು ಸ್ಮಿತ್. ಸ್ಮಿತ್ ಹೆಸರು ಎಷ್ಟು ಜನಕ್ಕೆ ಗೊತ್ತು ಹೇಳಿ?

ಟ್ಯಾಂಕ್ ಬೇರೆ ಥರದ ಮನುಷ್ಯ. ಮೊದಲ ಮಹಾಯುದ್ಧದಲ್ಲಿ ಕುದುರೆ ದಂಡಿನಲ್ಲಿದ್ದವರು. ತಮ್ಮ ವಿಮಾನವನ್ನು ತಾವೇ ಹಾರಿಸಿ ಪರೀಕ್ಷೆ ಮಾಡುತ್ತಿದ್ದರು. ಸ್ಪಿಟ್‌ಫೈರ್, ಜರ್ಮನಿಯದೇ ಆದ ಮೆಸ್ಸರ್ಶ್ಮಿಟ್ 109 ಇವೆಲ್ಲ ರೇಸ್ ಕುದುರೆಗಳು, ನನಗೆ ಬೇಕಾದದ್ದು ದಂಡಿನ ಕುದುರೆ ಅನ್ನುವುದು ಅವರ ಲೆಕ್ಕ. ದಂಡಿನ ಕುದುರೆ ಅಂದರೆ ಏನು? ಕೆಸರಿನ ಮೈದಾನದಲ್ಲಿ ಇಳಿದರೂ ಮುಗ್ಗರಿಸಬಾರದು. ಅದಕ್ಕೇ ಚಕ್ರಗಳ ನಡುವೆ ಅಗಲ ಅಂತರ ಕೊಟ್ಟರು. 109ರ ಚಕ್ರಗಳು ಹತ್ತಿರ ಹತ್ತಿರ ಇದ್ದವು, ಇಳಿಯುವಾಗ ಎಷ್ಟೋ ವಿಮಾನ ಮಗುಚಿಕೊಂಡವು. ಒಂದೆರಡು ಗುಂಡು ಬಿದ್ದರೂ ಮನೆಗೆ ಬರಬೇಕು. ಅದಕ್ಕೇ ನೀರಿನಿಂದ ತಣ್ಣಗಾಗುವ ಎಂಜಿನ್ ಬಿಟ್ಟು ಗಾಳಿಯಿಂದ ತಣ್ಣಗಾಗುವ ಬಿಎಂಡಬ್ಲ್ಯು ಎಂಜಿನ್ ಹಾಕಿದರು. ರೇಡಿಯೇಟರ್ ಇಲ್ಲದ ಮೇಲೆ ಅದಕ್ಕೆ ತೂತು ಬೀಳುವ ಪ್ರಶ್ನೆಯೇ ಇಲ್ಲ ನೋಡಿ.

1941ರಲ್ಲಿ ಫ್ರಾನ್ಸಿನ ಕಡಲತೀರದಲ್ಲಿ ಈ ವಿಮಾನ ಕಾಣಿಸಿಕೊಂಡಾಗ ಬ್ರಿಟಿಷರಿಗೆ ಚಳಿ ಬಿಟ್ಟುಹೋಯಿತು. ಆಗಿನ ಸ್ಪಿಟ್‌ಫೈರ್ 5 ಅದರ ಮುಂದೆ ಏನೂ ಅಲ್ಲ, ಪುಟ್ಟ ಸುತ್ತಿನಲ್ಲಿ ತಿರುಗುವುದೊಂದು ಬಿಟ್ಟು. ಅದರ ಗುಟ್ಟು ತಿಳಿದದ್ದು ಒಬ್ಬ ಪೈಲಟ್‌ನ ಎಡವಟ್ಟಿನಿಂದ. 1942ರ ಜೂನ್ 23ರಂದು ಆರ್ಮಿನ್ ಫೇಬರ್ ಅನ್ನುವ ಜರ್ಮನ್ ಪೈಲಟ್ ಇಂಗ್ಲೆಂಡಿನ ಮೇಲೆ ಕಾದಾಡಿ ದಿಕ್ಕು ತಪ್ಪಿದ. ಕೆಳಗೆ ನೀರು ಕಂಡಿತು. ಇಂಗ್ಲಿಷ್ ಚಾನೆಲ್ ದಾಟಿದೆ, ಇನ್ನು ಫ್ರಾನ್ಸ್ ಬಂತು ಅಂದುಕೊಂಡ. ಅದು ಬ್ರಿಸ್ಟಲ್ ಚಾನೆಲ್. ಆಚೆ ದಡ ವೇಲ್ಸ್. ಕೆಳಗಿದ್ದ ಏರೋಡ್ರೋಮ್ ನಮ್ಮದೇ ಅಂತ ಪೆಂಬ್ರಿಯಲ್ಲಿ ಆರಾಮಾಗಿ ಇಳಿಸಿಯೇ ಬಿಟ್ಟ. ಅವತ್ತು ಡ್ಯೂಟಿಯಲ್ಲಿದ್ದವನ ಕೈಯಲ್ಲಿ ಬಂದೂಕೂ ಇರಲಿಲ್ಲ, ಸಿಗ್ನಲ್ ಹಾರಿಸುವ ಪಿಸ್ತೂಲು ಹಿಡಿದುಕೊಂಡೇ ಓಡಿಹೋಗಿ ಅವನನ್ನು ಹಿಡಿದ. ಹೀಗೆ ಬ್ರಿಟಿಷರಿಗೆ ಒಂದು ಗೀರೂ ಬೀಳದ ಫೋಕ್-ವುಲ್ಫ್ ಪುಕ್ಕಟೆ ಸಿಕ್ಕಿತು.

ಅದೇ ಬೇಸಿಗೆಯಲ್ಲಿ ಸ್ಪಿಟ್‌ಫೈರ್ 9 ಬಂತು. ರೆಕ್ಕೆ ಮೈ ಎಲ್ಲ ಹೆಚ್ಚು ಕಡಿಮೆ ಹಳೆಯದೇ, ಒಳಗೆ ಮಾತ್ರ ಮರ್ಲಿನ್ 61 ಅನ್ನುವ ಹೊಸ ಎಂಜಿನ್. ಆಟ ಮತ್ತೆ ಸಮಸಮ ಆಯಿತು.

ಹೊಸ ಹಾಳೆಯ ಮೇಲೆ ಒಂದು ಒಳ್ಳೆಯ ಯುದ್ಧವಿಮಾನದ ಚಿತ್ರ ಬರೆದುಕೊಡಿ ಅಂದರೆ ನನ್ನ ಓಟು ಟ್ಯಾಂಕ್‌ಗೆ. ಆದರೆ ಮರ್ಲಿನ್ 61ನ್ನು ನೆನಪಿಟ್ಟುಕೋ. ಕೊನೆಯಲ್ಲಿ ಬೇಕಾಗುತ್ತದೆ.

ಅಷ್ಟು ದೊಡ್ಡ ಕುರ್ಟ್ ಟ್ಯಾಂಕ್ ನಮ್ಮ ಬೆಂಗಳೂರಿಗೆ ಬಂದು ಮಾಡಿದ ಮಾರುತ್ ವಿಮಾನ ಯಾಕೆ ಸೋತಿತು? ನಮ್ಮವರ ತಪ್ಪಾ, ಅವರ ತಪ್ಪಾ?
– ನಿವೃತ್ತ ಉದ್ಯೋಗಿ, ವಿಮಾನಪುರ, ಬೆಂಗಳೂರು

ಸೋತಿತು ಅನ್ನುವ ಮಾತನ್ನು ಮೊದಲು ವಾಪಸ್ ತೆಗೆದುಕೊಳ್ಳಿ ಸಾರ್. ಆಮೇಲೆ ಜಗಳ.

ಯುದ್ಧ ಮುಗಿದ ಮೇಲೆ ಟ್ಯಾಂಕ್ ಅರ್ಜೆಂಟೀನಾಕ್ಕೆ ಹೋದರು. ಅಲ್ಲಿ ಪುಲ್ಕಿ 2 ಅನ್ನುವ ಜೆಟ್ ಮಾಡಿದರು. 1955ರಲ್ಲಿ ಪೆರೋನ್ ಸರ್ಕಾರ ಬಿತ್ತು, ಟ್ಯಾಂಕ್ ತಂಡಕ್ಕೆ ಕೆಲಸ ಇಲ್ಲದಂತಾಯಿತು. ಮರುವರ್ಷ ಅವರನ್ನು ಬೆಂಗಳೂರಿಗೆ ಕರೆತಂದರು. ಇಲ್ಲಿ ಆಗಲೇ ವಿ.ಎಂ. ಘಾಟಗೆ ಅವರ ಕೈಯಲ್ಲಿ ಎಚ್‌ಟಿ-2 ತರಬೇತಿ ವಿಮಾನ ತಯಾರಾಗಿ ಹಾರಿತ್ತು, ಅಂದರೆ ಏನೂ ಗೊತ್ತಿಲ್ಲದ ಊರಿಗೆ ಅವರು ಬರಲಿಲ್ಲ. ಆದರೆ ಪ್ರೊಪೆಲರ್ ತಿರುಗುವ ತರಬೇತಿ ವಿಮಾನಕ್ಕೂ ಶಬ್ದದ ಎರಡು ಪಟ್ಟು ವೇಗದಲ್ಲಿ ಹೋಗಬೇಕಾದ ಜೆಟ್‌ಗೂ ಇರುವ ದೂರ ಸಣ್ಣದಲ್ಲ.

ಅವರು ಮೊದಲು ಮಾಡಿಸಿದ್ದು ಮರದ ವಿಮಾನ. ಅದೇ ಅಳತೆ, ಅದೇ ಆಕಾರ, ಎಂಜಿನ್ ಮಾತ್ರ ಇಲ್ಲ. 1959ರಲ್ಲಿ ಡಕೋಟಾ ವಿಮಾನದ ಹಿಂದೆ ಹಗ್ಗ ಕಟ್ಟಿ ಅದನ್ನು ಮೇಲಕ್ಕೆ ಎಳೆದುಕೊಂಡು ಹೋಗಿ ಬಿಡುತ್ತಿದ್ದರು. ತೇಲಿಕೊಂಡು ಇಳಿಯುತ್ತಿತ್ತು. ಹೀಗೆ ಸುಮಾರು ಒಂದು ವರ್ಷ ಹಾರಿಸಿ ಹಾರಿಸಿ, ತಿರುಗುವಾಗ ಏನಾಗುತ್ತದೆ, ಇಳಿಯುವಾಗ ಏನಾಗುತ್ತದೆ ಅಂತ ನೋಡಿಕೊಂಡರು. ದೊಡ್ಡ ದೊಡ್ಡ ಗಾಳಿ ಸುರಂಗ, ಕಂಪ್ಯೂಟರ್ ಯಾವುದೂ ಕೈಗೆ ಸಿಗದ ಕಾಲದಲ್ಲಿ ಇದಕ್ಕಿಂತ ಜಾಣ ದಾರಿ ಇನ್ನೇನಿತ್ತು?

1961ರ ಜೂನ್ 17ರಂದು ಸುರಂಜನ್ ದಾಸ್ ನಿಜವಾದ ಮಾರುತ್ ಹಾರಿಸಿದರು. ಮೈ ಚೆನ್ನಾಗಿತ್ತು. ಸಮಸ್ಯೆ ಗುಂಡಿಗೆಯದ್ದು. ಟ್ಯಾಂಕ್ ಲೆಕ್ಕ ಹಾಕಿದ್ದು ಬ್ರಿಸ್ಟಲ್ ಕಂಪನಿಯ ಆರ್ಫಿಯಸ್ 12 ಎಂಜಿನ್ನಿಗೆ. ಅದರ ಅಭಿವೃದ್ಧಿಗೆ ಅಲ್ಲಿ ದುಡ್ಡು ನಿಂತುಹೋಯಿತು. ಮುಂದುವರಿಸಬೇಕಾದರೆ ಭಾರತ ಖರ್ಚು ಕೊಡಲಿ ಅಂದರು. ನಮ್ಮವರು ಒಪ್ಪಲಿಲ್ಲ. ಉಳಿದದ್ದು ಸಣ್ಣ ಆರ್ಫಿಯಸ್ 703. ಒಂದೊಂದೂ ಸುಮಾರು 2,200 ಕೆ.ಜಿ. ತಳ್ಳುವ ಎರಡು ಎಂಜಿನ್. ಹೆಬ್ಬುಲಿ ಮೈಗೆ ಬೆಕ್ಕಿನ ಗುಂಡಿಗೆ ಇಟ್ಟ ಹಾಗಾಯಿತು. ಶಬ್ದದ ಎರಡು ಪಟ್ಟು ಹೋಗಬೇಕಾದ ವಿಮಾನ ಶಬ್ದದ ವೇಗದ ಅಂಚು ಮುಟ್ಟುವಷ್ಟರಲ್ಲಿ ಏದುಸಿರು ಬಿಡುತ್ತಿತ್ತು.

ಆಮೇಲೆ ಎಲ್ಲೆಲ್ಲಿ ಹುಡುಕಿದರು ಅಂತೀರಿ! ಈಜಿಪ್ಟಿನಲ್ಲಿ ಅದೇ ಹೊತ್ತಿಗೆ ಟ್ಯಾಂಕ್ ಅವರ ಹಳೆಯ ಪ್ರತಿಸ್ಪರ್ಧಿ ಮೆಸ್ಸರ್ಶ್ಮಿಟ್ ಒಂದು ಜೆಟ್ ಮಾಡುತ್ತಿದ್ದರು. ಅದಕ್ಕೆ ಫರ್ಡಿನಾಂಡ್ ಬ್ರಾಂಡ್ನರ್ ಎಂಜಿನ್ ಮಾಡುತ್ತಿದ್ದರು. ಆ ಎಂಜಿನ್ ಪರೀಕ್ಷೆಗೆ ನಮ್ಮ ಒಂದು ಮಾರುತ್ ಈಜಿಪ್ಟಿಗೆ ಹೋಯಿತು. ಯುದ್ಧಕಾಲದ ಜರ್ಮನಿಯಲ್ಲಿ ಎದುರುಬದುರು ಇದ್ದ ಇಬ್ಬರ ವಿಮಾನಗಳು ನೈಲ್ ನದಿ ಪಕ್ಕದಲ್ಲಿ ಒಂದೇ ಎಂಜಿನ್ನಿಗೆ ಕಾಯುತ್ತ ಕೂತಿದ್ದವು. ಕೊನೆಗೆ ಈಜಿಪ್ಟ್ ಆ ಯೋಜನೆಯನ್ನೇ ಮುಚ್ಚಿತು. ಬೆಂಗಳೂರಿನಲ್ಲೇ ಆರ್ಫಿಯಸ್‌ಗೆ ಹಿಂದಿನಿಂದ ಇನ್ನಷ್ಟು ಇಂಧನ ಉರಿಸಿ ಬಲ ಹೆಚ್ಚಿಸುವ ರೀಹೀಟ್ ಕೂರಿಸಿ ನೋಡಿದರು. 1970ರ ಜನವರಿಯಲ್ಲಿ ಆ ಮಾರುತ್ ಹಾರಿಸುವಾಗಲೇ ಸುರಂಜನ್ ದಾಸ್ ತೀರಿಕೊಂಡರು.

ಇಷ್ಟಾದರೂ ಒಟ್ಟು 147 ಮಾರುತ್ ತಯಾರಾದವು. 1971ರಲ್ಲಿ ರಾಜಸ್ಥಾನದ ಕಡೆಯಿಂದ ಹೋಗಿ ನೆಲದ ಮೇಲಿನ ಗುರಿಗಳಿಗೆ ಹೊಡೆದು ಬಂದವು. ತಗ್ಗಿನಲ್ಲಿ ಹಾರುವಾಗ ಅಲುಗಾಡದೆ ನಿಲ್ಲುತ್ತಿತ್ತು ಅಂತ ಹಾರಿಸಿದವರು ಹೊಗಳುತ್ತಾರೆ. ಎರಡು ಎಂಜಿನ್ ಇದ್ದದ್ದರಿಂದ ಒಂದು ಹೋದರೂ ಇನ್ನೊಂದರಲ್ಲಿ ಮನೆಗೆ ಬರಬಹುದಿತ್ತು. ದಂಡಿನ ಕುದುರೆ ಅಂದೆನಲ್ಲ, ಅದೇ. ಎಚ್‌ಎಎಲ್ ಮ್ಯೂಸಿಯಂಗೆ ಹೋದಾಗ ಸುಮ್ನೆ ಒಂದು ಹತ್ತು ನಿಮಿಷ ಮಾರುತ್ ಪಕ್ಕ ನಿಲ್ಲಿ. ಉದ್ದ ಚೂಪು ಮೂತಿ, ಅದರ ಎರಡೂ ಕಡೆ ಎರಡೆರಡು ಫಿರಂಗಿ. ಹಿಂದೆ ಹೋಗಿ ಬಗ್ಗಿ ನೋಡಿದರೆ ಎರಡು ಸಣ್ಣ ಕೊಳವೆ ಬಾಯಿ. ಮುಂದೆ ನೋಡಿದ್ದಕ್ಕೂ ಹಿಂದೆ ನೋಡಿದ್ದಕ್ಕೂ ತಾಳೆಯೇ ಆಗುವುದಿಲ್ಲ.

ಮಾರುತ್ ವಿಮಾನದಿಂದಲೇ ಮಾರತ್ತಹಳ್ಳಿಗೆ ಆ ಹೆಸರು ಬಂತಂತೆ, ನಿಜವಾ?
– ಗೃಹಿಣಿ, ಬೆಂಗಳೂರು

ನನಗೂ ಆಟೋದವರು ಇದೇ ಕಥೆ ಹೇಳಿದ್ದಾರೆ, ಕೇಳುವುದಕ್ಕೆ ಚೆನ್ನಾಗಿದೆ. ಆದರೆ ವಿಮಾನ ಹಾರಿದ್ದು 1961ರಲ್ಲಿ, ಹಳ್ಳಿ ಅದಕ್ಕಿಂತ ಎಷ್ಟೋ ಹಳೆಯದು. ಹಳೆ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆಗೆ ಹೋಗುವ ಸುರಂಜನ್ ದಾಸ್ ರಸ್ತೆ ಇದೆಯಲ್ಲ, ಅದು ಮಾತ್ರ ನಿಜವಾಗಿ ಮಾರುತ್ ಹಾರಿಸಿದವರ ಹೆಸರಿನದ್ದು. ದಿನಾ ಆ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ನಿಲ್ಲುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ.

ವಿಮಾನ ಮಾಡಿದವರೆಲ್ಲ ಗಂಡಸರೇ ಯಾಕೆ? ಒಬ್ಬ ಹೆಂಗಸಾದರೂ ಇದ್ದಾರಾ?
– ವಿಜ್ಞಾನ ಶಿಕ್ಷಕಿ, ಧಾರವಾಡ

ಇದ್ದಾರೆ ಮೇಡಂ, ಅದೂ ಎಂಥವರು! ಬಿಯಾಟ್ರಿಸ್ ಶಿಲ್ಲಿಂಗ್. ಇಡೀ ವಿಮಾನ ಮಾಡಲಿಲ್ಲ. ಒಂದು ಬಿಲ್ಲೆ ಮಾಡಿದರು.

1940ರಲ್ಲಿ ಸ್ಪಿಟ್‌ಫೈರ್, ಹರಿಕೇನ್ ಅನ್ನುವ ಎರಡು ಬ್ರಿಟಿಷ್ ಯುದ್ಧವಿಮಾನಗಳಿಗೂ ಒಂದು ಕೆಟ್ಟ ರೋಗ ಇತ್ತು. ಎರಡರಲ್ಲೂ ಇದ್ದದ್ದು ಮರ್ಲಿನ್ ಎಂಜಿನ್, ಅದಕ್ಕೆ ನಮ್ಮ ಹಳೆ ಸ್ಕೂಟರ್‌ನಂತೆ ಕಾರ್ಬುರೇಟರ್. ವಿಮಾನದ ಮೂತಿಯನ್ನು ಥಟ್ಟನೆ ಕೆಳಗೆ ಒತ್ತಿದರೆ ಕಾರ್ಬುರೇಟರ್ ಒಳಗಿನ ಪೆಟ್ರೋಲ್ ಮೇಲಕ್ಕೆ ಚಿಮ್ಮುತ್ತಿತ್ತು. ಬಸ್ಸು ಹಂಪ್ ಹಾರಿದಾಗ ಹಿಂದಿನ ಸೀಟಿನವರು ಮೇಲೇಳುತ್ತಾರಲ್ಲ, ಹಾಗೆ. ಮೊದಲು ಪೆಟ್ರೋಲ್ ಸಾಲದೆ ಎಂಜಿನ್ ಕೆಮ್ಮುತ್ತಿತ್ತು. ಮರುಕ್ಷಣ ಪೆಟ್ರೋಲ್ ಜಾಸ್ತಿ ನುಗ್ಗಿ ಉಸಿರು ಕಟ್ಟುತ್ತಿತ್ತು. ಮೆಸ್ಸರ್ಶ್ಮಿಟ್ 109ಗೆ ಈ ಕಾಟ ಇಲ್ಲ. ಅದರ ಎಂಜಿನ್ನಿಗೆ ಪಂಪು ನೇರವಾಗಿ ಪೆಟ್ರೋಲ್ ಚಿಮ್ಮಿಸುತ್ತಿತ್ತು. ಬೆನ್ನ ಹಿಂದೆ ಸ್ಪಿಟ್‌ಫೈರ್ ಬಂತು ಅಂದರೆ ಜರ್ಮನ್ ಪೈಲಟ್ ಮೂತಿ ಕೆಳಗೆ ಒತ್ತಿ ಪರಾರಿ. ಇವರ ಎಂಜಿನ್ ಸುಧಾರಿಸಿಕೊಳ್ಳುವಷ್ಟರಲ್ಲಿ ಅವನು ಮೋಡದಲ್ಲಿ ಮಾಯ.

ಶಿಲ್ಲಿಂಗ್ ಫಾರ್ನ್‌ಬರೋದ ಸಂಶೋಧನಾ ಸಂಸ್ಥೆಯಲ್ಲಿ ಎಂಜಿನಿಯರ್. ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಗಂಟೆಗೆ 100 ಮೈಲಿ ಮೀರಿ ಬೈಕ್ ಓಡಿಸಿ ಪದಕ ತೆಗೆದುಕೊಂಡಾಕೆ. ಕಾರ್ಬುರೇಟರ್ ಅವರಿಗೆ ಪುಸ್ತಕದ ಮಾತಾಗಿರಲಿಲ್ಲ, ಕೈಗೆ ಮಸಿ ಹತ್ತಿಸಿಕೊಂಡು ಬಿಚ್ಚಿ ಜೋಡಿಸಿದ್ದು. ಎಂಜಿನ್ ಪೂರ್ತಿ ಬಲದಲ್ಲಿ ಓಡಲು ಎಷ್ಟು ಪೆಟ್ರೋಲ್ ಬೇಕೋ ಅಷ್ಟೇ ಹರಿಯುವಂತೆ ನಡುವೆ ತೂತಿರುವ ಒಂದು ಸಣ್ಣ ಲೋಹದ ವಾಷರ್ ಮಾಡಿದರು. ಅದನ್ನು ಪೆಟ್ರೋಲ್ ಕೊಳವೆಯಲ್ಲಿ ಕೂರಿಸಿದರೆ ಆಯಿತು. ವಿಮಾನವನ್ನು ಕಾರ್ಖಾನೆಗೆ ಕಳಿಸುವ ಗೋಜೇ ಇಲ್ಲ. 1941ರಲ್ಲಿ ಒಂದು ಸಣ್ಣ ತಂಡ ಕಟ್ಟಿಕೊಂಡು ಏರೋಡ್ರೋಮ್‌ನಿಂದ ಏರೋಡ್ರೋಮ್‌ಗೆ ಹೋಗಿ ಹಾಕಿಸಿದರು. ರೋಗ ಪೂರ್ತಿ ವಾಸಿಯಾಗಲಿಲ್ಲ, ತಲೆಕೆಳಗಾಗಿ ಹಾರಿದರೆ ಎಂಜಿನ್ ನಿಲ್ಲುತ್ತಿತ್ತು. ಆದರೆ ಶತ್ರು ಕೆಳಕ್ಕೆ ಹಾರಿದಾಗ ಹಿಂದೆಯೇ ಹಾರಬಹುದಿತ್ತು. ನಿಮ್ಮ ಮಕ್ಕಳಿಗೆ ಒಂದು ವಾಷರ್ ಕೈಯಲ್ಲಿ ಹಿಡಿದು ತೋರಿಸಿ ಈ ಕಥೆ ಹೇಳಿ.

ಸ್ಪಿಟ್‌ಫೈರ್ ಸ್ಪಿಟ್‌ಫೈರ್ ಅಂತ ಎಲ್ಲರೂ ಕುಣಿಯುತ್ತಾರೆ. ಹರಿಕೇನ್ ಬಗ್ಗೆ ಯಾರೂ ಮಾತಾಡುವುದಿಲ್ಲ ಯಾಕೆ?
– ಬ್ಯಾಂಕ್ ನೌಕರ, ಮೈಸೂರು

ಚಂದ ಇರುವವರ ಫೋಟೋ ತಾನೇ ಕ್ಯಾಲೆಂಡರಿನಲ್ಲಿ ಬರುವುದು? 1940ರ ಬ್ರಿಟನ್ ಕದನದಲ್ಲಿ ಜಾಸ್ತಿ ಶತ್ರು ವಿಮಾನ ಬೀಳಿಸಿದ್ದು ಹರಿಕೇನ್. ಸಂಖ್ಯೆಯಲ್ಲೂ ಅವೇ ಜಾಸ್ತಿ ಇದ್ದವು. ಹಿಂಭಾಗಕ್ಕೆ ಬಟ್ಟೆ ಹೊದಿಸಿದ ಹಳೇ ಶೈಲಿಯ ಮೈ. ಗುಂಡು ತಗುಲಿ ತೂತಾದರೆ ತೇಪೆ ಹಾಕಿ ಮತ್ತೆ ಹಾರಿಸುತ್ತಿದ್ದರು.

ಅದನ್ನು ಮಾಡಿದ ಸಿಡ್ನಿ ಕ್ಯಾಮ್ ಬಡಗಿಯ ಮಗ, 12 ಮಕ್ಕಳಲ್ಲಿ ಹಿರಿಯ. ಅವರೂ ಬಡಗಿ ಕೆಲಸ ಕಲಿತೇ ವಿಮಾನದ ಕಡೆ ಬಂದವರು. ಬಟ್ಟೆ ಹೊದಿಸಿದ ಎರಡು ಜೊತೆ ರೆಕ್ಕೆಯ ವಿಮಾನದಿಂದ ಶುರು ಮಾಡಿ, ನಿಂತಲ್ಲಿಂದಲೇ ನೇರ ಮೇಲೇಳುವ ಹ್ಯಾರಿಯರ್‌ನ ತಾಯಿಬೇರು ಆದ ಜೆಟ್‌ವರೆಗೆ ಒಂದೇ ಜನ್ಮದಲ್ಲಿ ಮುಟ್ಟಿದರು. ನಮ್ಮ ದೇಶದ ಲೆಕ್ಕ ತೆಗೆದರೆ ಈ ಮನುಷ್ಯನ ಋಣ ದೊಡ್ಡದು. ಬರ್ಮಾ ಯುದ್ಧದಲ್ಲಿ ಭಾರತೀಯ ವಾಯುಪಡೆ ಹಾರಿಸಿದ್ದು ಹರಿಕೇನ್. 1947-48ರ ಕಾಶ್ಮೀರದಲ್ಲಿ ಟೆಂಪೆಸ್ಟ್. 1971ರಲ್ಲಿ ವಿಕ್ರಾಂತ್ ಮೇಲಿಂದ ಎದ್ದು ಪೂರ್ವ ಪಾಕಿಸ್ತಾನದ ಬಂದರುಗಳಿಗೆ ಹೊಡೆದದ್ದು ಸೀ ಹಾಕ್. ಅದೇ ಡಿಸೆಂಬರ್ 5ರ ಬೆಳಿಗ್ಗೆ ಲೋಂಗೆವಾಲದ ಮರಳಿನಲ್ಲಿ ಪಾಕಿಸ್ತಾನದ ಟ್ಯಾಂಕುಗಳನ್ನು ಒಂದೊಂದಾಗಿ ಹೊಡೆದದ್ದು ಜೈಸಲ್ಮೇರಿನಿಂದ ಎದ್ದ ಹಂಟರ್. ಎಲ್ಲವೂ ಕ್ಯಾಮ್ ಮನೆಯವೇ. ಅವರು 1966ರಲ್ಲಿ ತೀರಿಕೊಂಡರು. ಅವರ ಕೊನೆಯ ಯೋಚನೆಯ ಮೊಮ್ಮಗುವಾದ ಸೀ ಹ್ಯಾರಿಯರ್ ನಮ್ಮ ನೌಕಾಪಡೆಯಿಂದ ಗೋವಾದಲ್ಲಿ ನಿವೃತ್ತಿಯಾದದ್ದು 2016ರಲ್ಲಿ! ಪಟ್ಟಿಯಲ್ಲಿ ಮಿಚೆಲ್, ಟ್ಯಾಂಕ್ ಮೇಲೆ ಇರಲಿ, ನಮಗೆ ಅನ್ನ ಹಾಕಿದ್ದು ಕ್ಯಾಮ್.

ಮಿಗ್-21ನ್ನು ಹಾರುವ ಶವಪೆಟ್ಟಿಗೆ ಅನ್ನುತ್ತಾರೆ. ಅದನ್ನು ಮಾಡಿದವರನ್ನು ಮಹಾನ್ ಅಂತ ಹೇಗೆ ಕರೆಯುತ್ತೀರಿ?
– ಮಾಜಿ ಸೈನಿಕ, ಕೊಡಗು

ನಿಮ್ಮ ಸಿಟ್ಟು ಅರ್ಥವಾಗುತ್ತದೆ. 2012ರಲ್ಲಿ ಆಗಿನ ರಕ್ಷಣಾ ಸಚಿವರೇ ಸಂಸತ್ತಿನಲ್ಲಿ ಹೇಳಿದರು, ಕೊಂಡ 872 ಮಿಗ್‌ಗಳಲ್ಲಿ ಅರ್ಧಕ್ಕೂ ಜಾಸ್ತಿ ಅಪಘಾತದಲ್ಲಿ ಹೋದವು ಅಂತ. ಪೈಲಟ್‌ಗಳೇ 171 ಜನ. ಆ ಮನೆಗಳವರ ಮುಂದೆ ಯಾವ ವಿನ್ಯಾಸದ ಪಾಠವೂ ನಡೆಯುವುದಿಲ್ಲ.

ಆದರೂ ನನ್ನ ಹಳೆ ಪ್ರಶ್ನೆ ಕೇಳುತ್ತೇನೆ. ಅದಕ್ಕೆ ಏನು ಕೆಲಸ ಹೇಳಿದ್ದರು? ಸೋವಿಯತ್ ರಷ್ಯದ ಮಿಕೋಯಾನ್ ಮತ್ತು ಗುರೆವಿಚ್ ಅವರ ಸಂಸ್ಥೆಗೆ 1950ರ ದಶಕದಲ್ಲಿ ಹೇಳಿದ್ದು ಇಷ್ಟೇ. ಶತ್ರುವಿನ ಬಾಂಬರ್ ಬಂದರೆ ಗುಂಡಿನಂತೆ ಮೇಲೇರಬೇಕು, ಹೊಡೆಯಬೇಕು, ಇಳಿಯಬೇಕು. ಹಗುರ, ಅಗ್ಗ, ಸಾವಿರಗಟ್ಟಲೆ ಮಾಡುವಂತಿರಬೇಕು. ಹಾಗೇ ಮಾಡಿದರು. ಜಗತ್ತಿನಲ್ಲಿ 11,000ಕ್ಕೂ ಜಾಸ್ತಿ ತಯಾರಾದವು. ತೆಳು ತ್ರಿಕೋನ ರೆಕ್ಕೆ, ಒಂದೇ ಎಂಜಿನ್, ಇಳಿಯುವ ವೇಗ ಗಂಟೆಗೆ 300 ಕಿ.ಮೀ.ಗೂ ಮೇಲೆ. ನಾವು 1963ರಲ್ಲಿ ತಂದು ಅದರಿಂದ ಕಾವಲೂ ಮಾಡಿಸಿದೆವು, ಬಾಂಬೂ ಹಾಕಿಸಿದೆವು, ಹೊಸ ಹುಡುಗರಿಗೆ ಕಲಿಸಲೂ ಬಳಸಿದೆವು. ನಿಧಾನ ಹಾರುವ ತರಬೇತಿ ಜೆಟ್‌ನಿಂದ ಇಳಿದ ಇಪ್ಪತ್ತೆರಡು ವರ್ಷದ ಹುಡುಗ ಸೀದಾ ಇದರೊಳಗೆ ಕೂರುತ್ತಿದ್ದ. ನಡುವಿನ ಮೆಟ್ಟಿಲಾಗಿ ಹಾಕ್ ತರಬೇತಿ ವಿಮಾನ ಬೇಕು ಅಂತ 1980ರ ದಶಕದಿಂದ ಕೇಳುತ್ತಲೇ ಇದ್ದರು. ಬಂದದ್ದು 2008ರಲ್ಲಿ. ಮಿಗ್-21 ಕೊನೆಗೆ ನಿವೃತ್ತಿಯಾದದ್ದು 2025ರ ಸೆಪ್ಟೆಂಬರ್ 26ರಂದು, ಚಂಡೀಗಢದಲ್ಲಿ. 62 ವರ್ಷ! ಇದಕ್ಕೆ ಮಿಕೋಯಾನ್ ಹೊಣೆಯಾ?

ಇದು ನಮ್ಮೊಬ್ಬರ ಕಥೆಯೂ ಅಲ್ಲ. ಅಮೆರಿಕದಲ್ಲಿ ವಿಮಾನ ಮಾಡುತ್ತಿದ್ದ ಕೆಲ್ಲಿ ಜಾನ್ಸನ್ ಕೊರಿಯಾ ಯುದ್ಧದ ಹೊತ್ತಿನಲ್ಲಿ ಪೈಲಟ್‌ಗಳನ್ನು ಹೋಗಿ ಕೇಳಿದರು, ನಿಮಗೆ ಏನು ಬೇಕು ಅಂತ. ವೇಗ ಬೇಕು, ಬೇಗ ಮೇಲೇರಬೇಕು, ಉಳಿದದ್ದು ಬೇಡ ಅಂದರು. ಎಫ್-104 ಹುಟ್ಟಿತು. ಅದನ್ನು ಪಶ್ಚಿಮ ಜರ್ಮನಿ ಕೊಂಡು, ಇನ್ನಷ್ಟು ಭಾರ ಹೇರಿ, ಮೋಡ ಮಳೆಯ ನಡುವೆ ಮರದೆತ್ತರದಲ್ಲಿ ಹಾರುವ ಬಾಂಬರ್ ಮಾಡಿತು. 916 ಕೊಂಡದ್ದರಲ್ಲಿ 292 ಬಿದ್ದವು, ನೂರಕ್ಕೂ ಜಾಸ್ತಿ ಪೈಲಟ್‌ಗಳು ಸತ್ತರು. ವಿಧವೆಯರನ್ನು ಮಾಡುವ ವಿಮಾನ ಅಂತಲೇ ಹೆಸರಾಯಿತು. ಅದೇ ಜಾನ್ಸನ್ ಮಾಡಿದ ಬೇಹುಗಾರಿಕೆ ವಿಮಾನ ಎಸ್‌ಆರ್-71ನ್ನು ಶತ್ರುಗಳಿಂದ ಒಂದೂ ಹೊಡೆಯಲಾಗಲಿಲ್ಲ. ಒಬ್ಬರೇ ಮನುಷ್ಯ, ಒಂದೇ ತಲೆ. ಮತ್ತೆ, 1971ರಲ್ಲಿ ನಮ್ಮ ಮಿಗ್-21ಗಳು ಪಾಕಿಸ್ತಾನದ ಎಫ್-104ಗಳನ್ನು ಎದುರಿಸಿ ಹೊಡೆದುರುಳಿಸಿದವು. ಅವತ್ತು ಎರಡೂ ಮಾಡಿದ್ದು ತಮಗೆ ಹೇಳಿದ್ದ ಕೆಲಸ, ಗೆದ್ದದ್ದು ಮಿಗ್.

ನ್ಯಾಟ್ ವಿಮಾನದ ಬಗ್ಗೆ ನಾಲ್ಕು ಮಾತು ಬರೆಯಿರಿ. ನಮ್ಮ ಅಪ್ಪ ಅದರ ಭಕ್ತರು.
– ಶಿವಮೊಗ್ಗದ ಓದುಗ

ಅಪ್ಪನಿಗೆ ನನ್ನ ನಮಸ್ಕಾರ ಹೇಳಿ. ನ್ಯಾಟ್ ಅಂದರೆ ಗುಂಗುರು. ಟೆಡ್ಡಿ ಪೆಟರ್ ಅನ್ನುವವರು ಮಾಡಿದ್ದು. ವಿಮಾನಗಳು ವರ್ಷದಿಂದ ವರ್ಷಕ್ಕೆ ಊದಿಕೊಳ್ಳುತ್ತಿವೆ, ದುಬಾರಿಯಾಗುತ್ತಿವೆ ಅಂತ ಅವರಿಗೆ ಕಿರಿಕಿರಿ. ಅದಕ್ಕೇ ರೆಕ್ಕೆ ಈ ತುದಿಯಿಂದ ಆ ತುದಿಗೆ ಏಳು ಮೀಟರೂ ಇಲ್ಲದ ಯುದ್ಧವಿಮಾನ ಮಾಡಿದರು. ಚಕ್ರದ ಬಾಗಿಲನ್ನೇ ಗಾಳಿಗೆ ಅಡ್ಡ ಹಿಡಿದು ಬ್ರೇಕ್ ಥರ ಬಳಸುವಷ್ಟು ಜಿಪುಣತನ! ಬ್ರಿಟಿಷ್ ವಾಯುಪಡೆ ತರಬೇತಿಗೆ ಮಾತ್ರ ಸಾಕು ಅಂದಿತು. ನಾವು ಲೈಸೆನ್ಸ್ ತಂದು ಬೆಂಗಳೂರಿನಲ್ಲಿ ಮಾಡಿದೆವು. 1965ರ ಸೆಪ್ಟೆಂಬರ್ 3ರಂದು ಟ್ರೆವರ್ ಕೀಲರ್ ಇದರಲ್ಲಿ ಪಾಕಿಸ್ತಾನದ ಸೇಬರ್ ಜೆಟ್ ಹೊಡೆದರು, ಸೇಬರ್ ಸ್ಲೇಯರ್ ಅನ್ನುವ ಬಿರುದು ಅಂಟಿಕೊಂಡಿತು. ಅಪ್ಪನಿಗೆ ಬೇಜಾರಾದರೂ ಹೇಳಿಬಿಡುತ್ತೇನೆ. ಆ ಯುದ್ಧದಲ್ಲೇ ಇನ್ನೊಂದು ನ್ಯಾಟ್ ಪಾಕಿಸ್ತಾನದ ಪಸ್ರೂರಿನಲ್ಲಿ ಇಳಿದು ಸಿಕ್ಕಿಬಿದ್ದಿತು, ಈಗ ಕರಾಚಿಯ ಮ್ಯೂಸಿಯಂನಲ್ಲಿದೆ. ಗನ್ ಜಾಮ್ ಆಗುವುದು, ಮೂತಿ ಏರಿಳಿಸುವ ವ್ಯವಸ್ಥೆ ಕೈಕೊಡುವುದು, ಇವೆಲ್ಲ ಇದ್ದವು.

ಪೆಟರ್ ಬಗ್ಗೆ ಇನ್ನೊಂದು ಮಾತು. ಕ್ಯಾನ್‌ಬೆರಾ ಬಾಂಬರ್ ಕೂಡ ಅವರದ್ದೇ. ನಮ್ಮಲ್ಲಿ 1957ರಿಂದ 2007ರವರೆಗೆ ಹಾರಿತು. ಅದನ್ನೇ ಅಮೆರಿಕದವರು ಬಿ-57 ಅಂತ ಮಾಡಿ ಪಾಕಿಸ್ತಾನಕ್ಕೆ ಕೊಟ್ಟಿದ್ದರು. 1965ರಲ್ಲಿ ರಾತ್ರಿ ಹೊತ್ತು ಎರಡೂ ದೇಶದವರು ಒಬ್ಬರ ಏರೋಡ್ರೋಮ್ ಮೇಲೆ ಇನ್ನೊಬ್ಬರು ಬಾಂಬು ಹಾಕಿದ್ದು ಪೆಟರ್ ಬರೆದ ವಿಮಾನದಿಂದಲೇ. ಅಷ್ಟು ಹೊತ್ತಿಗೆ ಪೆಟರ್ ಎಲ್ಲ ಬಿಟ್ಟು, ಸ್ವಿಟ್ಜರ್ಲೆಂಡಿನ ಒಂದು ಧಾರ್ಮಿಕ ಗುಂಪಿಗೆ ಸೇರಿ ಐದು ವರ್ಷವಾಗಿತ್ತು.

ಎಲ್ಲ ಸರಿ. ಕೊನೆಗೆ ಒಂದೇ ಒಂದು ಹೆಸರು ಹೇಳಿ ನೋಡೋಣ.
– ಬೆಳಗಾವಿಯಿಂದ ಮೂವರು ಗೆಳೆಯರು

ಸ್ಟ್ಯಾನ್ಲಿ ಹೂಕರ್. ಯಾರಪ್ಪ ಇದು ಅಂದಿರಿ ಅಲ್ವಾ? ವಿಮಾನ ಮಾಡಿದವರೇ ಅಲ್ಲ. ಗಣಿತದವರು, 1938ರಲ್ಲಿ ಮರ್ಲಿನ್ ಮಾಡುತ್ತಿದ್ದ ರೋಲ್ಸ್-ರಾಯ್ಸ್ ಕಂಪನಿ ಸೇರಿದರು. ಎಂಜಿನ್ ಬಗ್ಗೆ ಏನೂ ಗೊತ್ತಿರಲಿಲ್ಲ. ಮರ್ಲಿನ್‌ಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್‌ನ ಲೆಕ್ಕ ಸುಮ್ನೆ ನೋಡಿ, ಇದು ಸರಿಯಿಲ್ಲ ಅಂದರು. ಆ ಕೆಲಸ ಬೆಳೆದು ಬೆಳೆದು ಮರ್ಲಿನ್ 61 ಆಯಿತು. ಅದೇ ಟ್ಯಾಂಕ್ ಅವರ ಫೋಕ್-ವುಲ್ಫ್‌ಗೆ ಉತ್ತರ ಕೊಟ್ಟ ಎಂಜಿನ್. ಅಮೆರಿಕದ ಮಸ್ಟಾಂಗ್ ಎತ್ತರಕ್ಕೆ ಹೋದರೆ ಸುಸ್ತಾಗುತ್ತಿತ್ತು, ಈ ಜಾತಿಯ ಮರ್ಲಿನ್ ಹಾಕಿದ ಮೇಲೆ ಬರ್ಲಿನ್‌ವರೆಗೆ ಬಾಂಬರ್‌ಗಳ ಕಾವಲು ಹೋಗಿ ಬಂತು. ಆಮೇಲೆ ಹೂಕರ್ ನೆನೆ ಅನ್ನುವ ಜೆಟ್ ಎಂಜಿನ್ ಮಾಡಿಸಿದರು. ಬ್ರಿಟಿಷ್ ಸರ್ಕಾರ ಅದನ್ನು ರಷ್ಯಕ್ಕೆ ಮಾರಿತು, ರಷ್ಯನ್ನರು ನಕಲು ಮಾಡಿ ಮಿಗ್-15ಕ್ಕೆ ಹಾಕಿದರು. ಹೂಕರ್ ಬ್ರಿಸ್ಟಲ್‌ಗೆ ಹೋಗಿ ಆರ್ಫಿಯಸ್ ಮಾಡಿದರು. ಅದು ನ್ಯಾಟ್‌ಗೆ ಬಂತು, ನಮ್ಮ ಮಾರುತ್‌ಗೂ ಬಂತು. ಆರ್ಫಿಯಸ್‌ನ ತಿರುಳಿನಿಂದಲೇ ಪೆಗಾಸಸ್ ಬೆಳೆಯಿತು, ಅದು ಹ್ಯಾರಿಯರ್‌ನ ಎಂಜಿನ್. ಅಂದರೆ 1942ರಲ್ಲಿ ಟ್ಯಾಂಕ್ ವಿಮಾನದ ಸೊಕ್ಕು ಮುರಿದ ಮನುಷ್ಯನ ಇನ್ನೊಂದು ಎಂಜಿನ್, 1961ರಲ್ಲಿ ಬೆಂಗಳೂರಿನಲ್ಲಿ ಟ್ಯಾಂಕ್ ಅವರ ವಿಮಾನವನ್ನೇ ಮೇಲಕ್ಕೆ ಎತ್ತಿತು.

ನಮ್ಮ ಸೋದರಮಾವ ಎಂಜಿನ್ ಕಾರ್ಖಾನೆಯಲ್ಲಿದ್ದರು. ಅವರ ಮೇಜಿನ ಮೇಲೆ ಪೇಪರ್ ಹಾರದಂತೆ ಇಡಲು ಗುಜರಿಗೆ ಹೋದ ಒಂದು ಕಂಪ್ರೆಸರ್ ಬ್ಲೇಡ್ ಇತ್ತು. ಕಿರುಬೆರಳುದ್ದ, ಎಲೆಯ ಹಾಗೆ ಸ್ವಲ್ಪ ತಿರುಚಿಕೊಂಡಿತ್ತು. ಅಂಚು ಮುಟ್ಟಿದರೆ ಬೆರಳು ಕುಯ್ಯುವಷ್ಟು ಹರಿತ. ಇಂಥವು ಎಷ್ಟೋ ಸೇರಿದರೆ ಒಂದು ಎಂಜಿನ್ ಕಣೋ, ಒಂದು ಸರಿಯಿಲ್ಲದಿದ್ದರೂ ಎಲ್ಲ ಹಾಳು ಅನ್ನುತ್ತಿದ್ದರು. ಬೇಸಿಗೆ ರಜೆಯಲ್ಲಿ ನಾನು ಅದರಲ್ಲಿ ಪೆನ್ಸಿಲ್ ಚೂಪು ಮಾಡಲು ಹೋಗಿ ಬೈಸಿಕೊಂಡಿದ್ದೆ.

ಹಾಗಾದರೆ ತೇಜಸ್ ಮಾಡಿದವರಿಗೆ ಎಷ್ಟು ಮಾರ್ಕ್ಸ್ ಕೊಡುತ್ತೀರಿ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹುಬ್ಬಳ್ಳಿ

ಕೋಟ ಹರಿನಾರಾಯಣ ಮತ್ತು ಅವರ ತಂಡದವರ ವಿಮಾನ 2001ರ ಜನವರಿ 4ರಂದು ಮೊದಲು ಹಾರಿತು, 2016ರಲ್ಲಿ ಸ್ಕ್ವಾಡ್ರನ್‌ಗೆ ಸೇರಿತು. ತಡ ಆಯಿತು, ಬಹಳ ತಡ. ಆದರೆ ಬಾಲವಿಲ್ಲದ, ತಾನಾಗಿ ಸ್ಥಿರ ನಿಲ್ಲದ ವಿಮಾನವನ್ನು ಕಂಪ್ಯೂಟರ್ ಕ್ಷಣಕ್ಷಣಕ್ಕೆ ಹಿಡಿದು ನಿಲ್ಲಿಸುವ ವಿದ್ಯೆಯನ್ನು ಶೂನ್ಯದಿಂದ ಕಲಿತರು, ಅದಕ್ಕೆ ಧಾರಾಳವಾಗಿ ಕೊಡುತ್ತೇನೆ. ಮೈಗೆ ಪಾಸ್ ಮಾರ್ಕ್ಸ್ ಅಲ್ಲ, ಫಸ್ಟ್ ಕ್ಲಾಸ್.

ಎಂಜಿನ್ ಅಮೆರಿಕದ ಜಿಇ ಕಂಪನಿಯದು. ನಮ್ಮದೇ ಕಾವೇರಿ ಎಂಜಿನ್ 1980ರ ದಶಕದ ಕೊನೆಯಲ್ಲಿ ಶುರುವಾಯಿತು, 2008ರಲ್ಲಿ ಅದನ್ನು ತೇಜಸ್‌ನಿಂದ ಬೇರೆ ಮಾಡಿದರು. ಅದನ್ನು ಮಾಡುತ್ತಿರುವ ಜಿಟಿಆರ್‌ಇ ಸಂಸ್ಥೆ ಇರುವುದು ಸಿ.ವಿ. ರಾಮನ್ ನಗರದಲ್ಲಿ. ಮೇಲೆ ಹೇಳಿದೆನಲ್ಲ, ಆ ಸುರಂಜನ್ ದಾಸ್ ರಸ್ತೆಗೆ ಹತ್ತಿರ.